ಪ್ರಾಸ್ಟೇಟ್‌ಗೆ ಉಗಿ ಚಿಕಿತ್ಸೆ ಮಾಡಿಸಿಕೊಂಡವರು ಯಾರಾದರೂ ಇದ್ದೀರಾ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ವಯಸ್ಸು 61, ಊರು ಶಿವಮೊಗ್ಗ ಹತ್ತಿರ, ಅಡಿಕೆ ತೋಟ ನೋಡಿಕೊಂಡಿದ್ದೇನೆ. ಮೂತ್ರಕೋಶದ ಕೆಳಗಿರುವ ಪ್ರಾಸ್ಟೇಟ್ ಗ್ರಂಥಿ ದೊಡ್ಡದಾಗಿದೆ. ಅದಕ್ಕೆ ಟ್ಯಾಮ್ಸುಲೋಸಿನ್, ಡುಟಾಸ್ಟರೈಡ್ ಎರಡೂ ಸೇರಿರುವ ಕ್ಯಾಪ್ಸೂಲ್ ಎರಡು ವರ್ಷದಿಂದ ನಡೀತಿದೆ. ಮೊದಲ ವರ್ಷ ಹಾಯಾಗಿದ್ದೆ. ಈಗ ಮತ್ತೆ ಶುರುವಾಗಿದೆ. ರಾತ್ರಿ ನಾಲ್ಕೈದು ಸಲ ಏಳಬೇಕು, ಹೋಗಿ ನಿಂತು ಕಾಯಬೇಕು, ಬಂದರೆ ಸಣ್ಣಗೆ ಬಂದು ನಿಲ್ಲುತ್ತದೆ, ಮತ್ತೆ ಹನಿಹನಿ. ವಾಪಸ್ ಬಂದು ಹೊದಿಕೆ ಎಳೆದುಕೊಳ್ಳುವಷ್ಟರಲ್ಲಿ ಇನ್ನೂ ಉಳಿದಿದೆ ಅನ್ನಿಸುತ್ತದೆ.

ಸ್ಕ್ಯಾನಿಂಗ್‌ನಲ್ಲಿ ಪ್ರಾಸ್ಟೇಟ್ 54 ಗ್ರಾಂ. ಯೂರಿನ್ ಹರಿವಿನ ಟೆಸ್ಟ್‌ನಲ್ಲಿ ಸೆಕೆಂಡಿಗೆ 8 ಮಿ.ಲೀ. ಹೋಗಿ ಬಂದ ಮೇಲೂ ಒಳಗೆ 140 ಮಿ.ಲೀ. ಉಳಿದಿದೆಯಂತೆ. ಪಿಎಸ್‌ಎ (ಪ್ರಾಸ್ಟೇಟ್ ಕ್ಯಾನ್ಸರ್‌ನ ಸುಳಿವಿಗಾಗಿ ನೋಡುವ ರಕ್ತಪರೀಕ್ಷೆ) 2.1, ಅದು ನಾರ್ಮಲ್ ಅಂತ ರಿಪೋರ್ಟ್‌ನಲ್ಲೇ ಇದೆ.

ಇಲ್ಲಿನ ಡಾಕ್ಟ್ರು ಟಿಯುಆರ್‌ಪಿ (ಮೂತ್ರನಾಳದ ಮೂಲಕ ಹೋಗಿ ಗ್ರಂಥಿಯನ್ನು ಒಳಗಿಂದ ಕೆತ್ತಿ ತೆಗೆಯುವ ಆಪರೇಷನ್) ಮಾಡಿಸಿ ಅಂದರು. ಮಗ ಬೆಂಗಳೂರಲ್ಲಿ ಇನ್ನೊಬ್ಬರಿಗೆ ತೋರಿಸಿದ, ಅವರು ರೆಝೂಮ್ ಅಂತ ಒಂದಿದೆ, ಬಿಸಿ ಉಗಿ ಕೊಟ್ಟು ಗ್ರಂಥಿ ಕುಗ್ಗಿಸೋದು, ಕೊಯ್ಯೋದೇನೂ ಇಲ್ಲ, ಅವತ್ತೇ ಮನೆಗೆ ಹೋಗಬಹುದು ಅಂದರು. ಮೂರನೆಯವರೊಬ್ಬರು ಹೋಲೆಪ್ ಅನ್ನೋ ಲೇಸರ್ ಆಪರೇಷನ್ ಬಿಟ್ಟು ಬೇರೇನೂ ಬೇಡ ಅನ್ನುತ್ತಾರೆ. ಒಬ್ಬೊಬ್ಬರದು ಒಂದೊಂದು ಮಾತು. ಮಾಡಿಸಿಕೊಂಡವರ ಬಾಯಿಂದ ಕೇಳಬೇಕು ಅಂತ ಬರೆಯುತ್ತಿದ್ದೇನೆ. ನೋವು ಎಷ್ಟು, ಮೂತ್ರದ ಟ್ಯೂಬ್ ಎಷ್ಟು ದಿನ, ಗುಣ ಎಷ್ಟು ನಿಲ್ಲುತ್ತದೆ, ದಯವಿಟ್ಟು ತಿಳಿಸಿ.

ಹೇಮಾವತಿ ದಂಡೆ
ಸಾರ್, ನಾನು ಹಾಸನದವನು, ರೆಝೂಮ್ ಮಾಡಿಸಿಕೊಂಡಿದ್ದೇನೆ. ನನ್ನದು 46 ಗ್ರಾಂ ಇತ್ತು. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಚಿಕಿತ್ಸೆ ಏನೇನೂ ಕಷ್ಟ ಆಗಲಿಲ್ಲ. ಮಂಪರು ಬರೋ ಇಂಜೆಕ್ಷನ್ ಕೊಟ್ಟರು. ಮೂತ್ರನಾಳದ ಮೂಲಕ ಕ್ಯಾಮೆರಾ ಇರೋ ಕೊಳವೆ ಒಳಗೆ ಬಿಟ್ಟು, ಅದರ ತುದಿಯ ಸೂಜಿಯಿಂದ ಗ್ರಂಥಿಯೊಳಗೆ ಉಗಿ ಬಿಡುತ್ತಾರೆ. ಒಂದೊಂದು ಚುಚ್ಚಿಗೆ 9 ಸೆಕೆಂಡು. ಉಗಿ 103 ಡಿಗ್ರಿ ಇರುತ್ತೆ ಅಂತ ಕೇಳಿ ಹೆದರಿದ್ದೆ. ಆದರೆ ಒಳಗೆ ಹೋಗೋ ನೀರು ಅರ್ಧ ಮಿ.ಲೀ.ನಷ್ಟೂ ಇಲ್ಲ, ಅದು ಗ್ರಂಥಿಯಲ್ಲೇ ಹರಡಿ ನೀರಾಗಿಬಿಡುತ್ತದೆ, ಆಚೆ ದಾಟಲ್ಲ ಅಂತ ಡಾಕ್ಟ್ರು ಚಿತ್ರ ಬರೆದು ತೋರಿಸಿದರು. ಹತ್ತು ಹದಿನೈದು ನಿಮಿಷದಲ್ಲಿ ಮುಗೀತು. ಸಂಜೆ ಕಾರಲ್ಲಿ ಮನೆಗೆ.

ಕಷ್ಟ ಎಲ್ಲ ಆಮೇಲೆ. ಉಗಿ ತಗುಲಿದ ಭಾಗ ಮೊದಲು ಊದಿಕೊಳ್ಳುತ್ತೆ, ಅದಕ್ಕೇ ಟ್ಯೂಬ್ ಹಾಕಿ ಕಳಿಸೋದು. ನನಗೆ ಒಂದು ವಾರ ಇತ್ತು. ಬ್ಯಾಗನ್ನ ಪಂಚೆಯೊಳಗೆ ತೊಡೆಗೆ ಕಟ್ಟಿಕೊಂಡು ಓಡಾಡಿದೆ. ಮಲಗುವಾಗ ಟ್ಯೂಬು ಎಳೆದ ಹಾಗಾದರೆ ಜೀವ ಹೋದಂಗಾಗುತ್ತೆ. ತೆಗೆದ ಮೇಲೆ ಎರಡು ವಾರ ಉರಿ, ಅರ್ಜೆಂಟು, ಆಗಾಗ ಕೆಂಪಗೆ. ಒಂದಿನ ಅಕ್ಕಿಕಾಳಿನಷ್ಟು ಕಂದುಬಣ್ಣದ ಚೂರು ಬಂತು. ಗಾಬರಿಯಾಗಿ ಫೋನ್ ಮಾಡಿದರೆ ಸತ್ತ ಅಂಗಾಂಶ ಹಾಗೇ ಹೋಗುತ್ತೆ, ನೀರು ಕುಡೀರಿ ಅಂದರು. ಮೊದಲ ತಿಂಗಳು ಯಾಕಾದರೂ ಮಾಡಿಸಿಕೊಂಡೆನೋ ಅಂತ ಮನೆಯವಳ ಹತ್ತಿರ ಹೇಳಿದ್ದೂ ಉಂಟು.

ಆಮೇಲೆ ನಿಧಾನಕ್ಕೆ ದಾರಿ ಬಿಡ್ತು. ಮೂರು ತಿಂಗಳ ಹೊತ್ತಿಗೆ ರಾತ್ರಿ ಒಂದು ಸಲ, ಕೆಲವು ದಿನ ಅದೂ ಇಲ್ಲ. ಮಾತ್ರೆ ಪೂರ್ತಿ ನಿಲ್ಲಿಸಿದ್ದೀನಿ. ಈಗ ಎರಡನೇ ವರ್ಷ. ನಿಮ್ಮ ಗ್ರಂಥಿಯ ಗಾತ್ರಕ್ಕೆ ಸರಿಹೋಗುತ್ತೆ ಅಂತ ನನ್ನ ಅನಿಸಿಕೆ.

ಹುಬ್ಬಳ್ಳಿ ಮಂದಿ
ನಾ ಒಪ್ಪೂದಿಲ್ಲ ನೋಡ್ರಿ. ನಮ್ಮ ಮಾವಾರಿಗೆ 95 ಗ್ರಾಂ ಇತ್ತು. ಹೋಲೆಪ್ ಮಾಡ್ಸೀವಿ. ಎರಡನೇ ದಿನ ಟ್ಯೂಬ್ ತಗದ್ರು, ಅವತ್ತ ಸಂಜೀಕ ಹೋಗಿ ಬಂದು "ಇಪ್ಪತ್ತು ವರ್ಷದ ಹಿಂದಿನ ಹಂಗ ಆತು" ಅಂದ್ರು. ಮೂರು ತಿಂಗಳು ಕಾಯ್ರಿ, ಉರಿ ತಡಕೋರಿ ಅನ್ನೂ ಮಾತ ಇಲ್ಲ. ಲೇಸರ್‌ಲೆ ಒಳಗಿನ ಗಡ್ಡಿ ಪೂರಾ ಬಿಡಿಸಿ ತಗೀತಾರ, ಮತ್ತ ಬೆಳಿಯೂದು ಭಾಳ ಕಮ್ಮಿ. ಅರ್ಧಮರ್ಧ ಕೆಲಸ ಮಾಡಿಸಿ ಐದು ವರ್ಷಕ್ಕ ಮತ್ತ ದವಾಖಾನಿಗೆ ಯಾಕ ಹೋಗ್ಬೇಕು?

ಹೇಮಾವತಿ ದಂಡೆ
@ಹುಬ್ಬಳ್ಳಿ ಮಂದಿ, 95 ಗ್ರಾಂಗೆ ನನ್ನ ಡಾಕ್ಟ್ರೂ ಹೋಲೆಪ್ಪೇ ಹೇಳ್ತಿದ್ದರು. ರೆಝೂಮ್ ಪ್ರಯೋಗ ಮಾಡಿರೋದೇ 30ರಿಂದ 80 ಸಿಸಿ (ಹೆಚ್ಚೂ ಕಡಿಮೆ ಅಷ್ಟೇ ಗ್ರಾಂ) ಗ್ರಂಥಿಗಳ ಮೇಲೆ. ಅರ್ಧಮರ್ಧ ಅಂತ ಹೇಗೆ ಹೇಳ್ತೀರಿ? ಅದೇ ಅಧ್ಯಯನದಲ್ಲಿ ಐದು ವರ್ಷದೊಳಗೆ ಮತ್ತೆ ಆಪರೇಷನ್ ಬೇಕಾದವರು ನೂರಕ್ಕೆ 4.4. ನೂರರಲ್ಲಿ ತೊಂಬತ್ತೈದು ಜನಕ್ಕೆ ಬೇಕಾಗಲಿಲ್ಲ ಅಂತ ತಾನೇ ಅರ್ಥ? ಮತ್ತೆ ನಿಮ್ಮ ಮಾವನವರಿಗೆ ಆಪರೇಷನ್ ಆದ ಮೇಲೆ ಕೆಮ್ಮಿದರೆ, ಎದ್ದರೆ ಸೋರೋದು ಇರಲಿಲ್ವಾ? ಅದನ್ನೂ ಹೇಳಿ.

ಹುಬ್ಬಳ್ಳಿ ಮಂದಿ
ಇತ್ತ್ರೀ, ಸುಳ್ಳ ಯಾಕ ಹೇಳ್ಲಿ. ಎರಡು ತಿಂಗಳು ಪ್ಯಾಡ್ ಹಾಕ್ಕೊಂಡ್ರು. ಕೆಗೆಲ್ ವ್ಯಾಯಾಮ ಕಲಿಸಿದ್ರು, ಮೂತ್ರ ನಡುವ ತಡದು ಹಿಡಿದಾಗ ಬಿಗಿ ಆಗ್ತದಲ್ಲ, ಆ ಸ್ನಾಯು ಬಿಗಿ ಹಿಡಿದು ಬಿಡೂದು. ದಿನಾ ಮಾಡಿದ್ರು, ಹೋತು. ಆಪರೇಷನ್‌ಕಿಂತ ಮೊದಲ ಶುರು ಮಾಡಿದ್ರ ಇನ್ನೂ ಛಲೋ ಇತ್ತು ಅಂತ ಫಿಸಿಯೋ ಅಂದ್ರು.

ವಾರ್ಡ್ ಸಿಸ್ಟರ್
ಯುರಾಲಜಿ ವಾರ್ಡಿನಲ್ಲಿ ಬಹಳ ವರ್ಷ ಕೆಲಸ ಮಾಡಿದವಳು. ಇಬ್ಬರೂ ಜಗಳ ಆಡೋ ಮೊದಲು ತುಂಗಾತೀರ ಅವರ ಪಿಎಸ್‌ಎ ನೋಡಿ.

ಸರ್, ಡುಟಾಸ್ಟರೈಡ್ ಅಥವಾ ಫಿನಾಸ್ಟರೈಡ್ ಆರು ತಿಂಗಳಿಗಿಂತ ಹೆಚ್ಚು ತೆಗೆದುಕೊಂಡವರಲ್ಲಿ ಪಿಎಸ್‌ಎ ಸುಮಾರು ಅರ್ಧಕ್ಕೆ ಇಳಿದಿರುತ್ತದೆ. ನಿಮ್ಮ 2.1 ಅನ್ನು 4.2 ಅಂತ ಓದಬೇಕು. ನೀವು ಯಾವ ಮಾತ್ರೆಯಲ್ಲಿದ್ದೀರಿ ಅಂತ ಲ್ಯಾಬಿನವರಿಗೆ ಗೊತ್ತಿರೋದಿಲ್ಲ, ಅವರು ನಾರ್ಮಲ್ ಅಂತಲೇ ಅಚ್ಚು ಹಾಕುತ್ತಾರೆ. 4.2 ಅಂದ ತಕ್ಷಣ ಕ್ಯಾನ್ಸರ್ ಅಂತ ಅಲ್ಲ, ಗ್ರಂಥಿ ದೊಡ್ಡದಾಗಿದ್ದರೂ ಏರುತ್ತದೆ. ಆದರೆ ಎರಡು ವರ್ಷದ ಹಿಂದೆ ಎಷ್ಟಿತ್ತು, ಈಗ ಇಳಿದಿದೆಯಾ ಏರಿದೆಯಾ ಅಂತ ಡಾಕ್ಟರ್ ಹತ್ತಿರ ಕೂತು ನೋಡಿ. ಬೇಕಿದ್ದರೆ ಎಂಆರ್‌ಐ ಮಾಡಿಸುತ್ತಾರೆ.

ನಿಮ್ಮ ವಿಷಯದಲ್ಲಿ ಇದು ಯಾಕೆ ಮುಖ್ಯ ಅಂದರೆ, ಟಿಯುಆರ್‌ಪಿ, ಹೋಲೆಪ್‌ನಲ್ಲಿ ತೆಗೆದ ತುಂಡು ಪೆಥಾಲಜಿಗೆ ಹೋಗುತ್ತದೆ, ಏನಾದರೂ ಅಡಗಿದ್ದರೆ ಅಲ್ಲಿ ಸಿಗಬಹುದು. ರೆಝೂಮ್‌ನಲ್ಲಿ ಪರೀಕ್ಷೆಗೆ ಕಳಿಸೋಕೆ ಏನೂ ಸಿಗೋದಿಲ್ಲ. ಆದ್ದರಿಂದ ಅನುಮಾನ ಇದ್ದರೆ ಮೊದಲೇ ತೀರಿಸಿಕೊಂಡು ಮುಂದೆ ಹೋಗಬೇಕು.

ತುಂಗಾತೀರ
ಸಿಸ್ಟರ್, ಇದನ್ನ ಇಷ್ಟು ದಿನ ಒಬ್ಬರೂ ಹೇಳಿರಲಿಲ್ಲ. ಹಳೇ ಫೈಲ್ ಹುಡುಕಿದೆ. ಮಾತ್ರೆ ಶುರು ಮಾಡುವ ಮೊದಲು 3.6 ಇತ್ತು. ಹಾಗಾದರೆ ಏರಿದೆ ಅಂತಲೇ ಲೆಕ್ಕ ಅಲ್ಲವೇ?

ವಾರ್ಡ್ ಸಿಸ್ಟರ್
ಸ್ವಲ್ಪ. ಗಾಬರಿ ಬೇಡ, ಆದರೆ ಬಿಟ್ಟುಬಿಡಬೇಡಿ. ಆ ಹಳೇ ರಿಪೋರ್ಟ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ.

ಗಿಡಮೂಲಿಕೆ ಪ್ರಿಯ
ನೆಗ್ಗಿಲು ಮುಳ್ಳಿನ ಕಷಾಯ ನಲವತ್ತೆಂಟು ದಿನ ಕುಡಿಯಿರಿ. ನಮ್ಮ ಕಡೆ ಎಷ್ಟೋ ಜನಕ್ಕೆ ಆಪರೇಷನ್ ತಪ್ಪಿದೆ.

ಕುಡ್ಲದ ಮಳೆ
ಅದೆಲ್ಲ ಬೇಡ ಮಾರಾಯ್ರೇ. 140 ಒಳಗೆ ಉಳಿಯುವವರಿಗೆ ಕಷಾಯ ಕುಡಿದು ಕೂತ್ಕೊಳ್ಳಿ ಅಂತ ಹೇಳ್ಲಿಕ್ಕೆ ಉಂಟಾ? ಅಮೆರಿಕದಲ್ಲಿ ಸಾ ಪಾಲ್ಮೆಟೋ ಅಂತ ಒಂದು ಗಿಡಮೂಲಿಕೆ ಭಯಂಕರ ಮಾರಾಟ. ಅದನ್ನು 2006ರಲ್ಲಿ ಒಮ್ಮೆ, 2011ರಲ್ಲಿ ಇನ್ನೊಮ್ಮೆ ದೊಡ್ಡ ಮಟ್ಟದಲ್ಲಿ ಪರೀಕ್ಷೆ ಮಾಡಿ ನೋಡಿದ್ದಾರೆ, ಔಷಧಿ ಇಲ್ಲದೆ ಸುಮ್ಮನೆ ಕೊಟ್ಟ ಮಾತ್ರೆಗಿಂತ ಏನೂ ಹೆಚ್ಚು ಗುಣ ಕಾಣ್ಲಿಲ್ಲ. ನೆಗ್ಗಿಲನ್ನೂ ಹಾಗೇ ಪರೀಕ್ಷೆ ಮಾಡಿ ತೋರಿಸಲಿ, ಆಮೇಲೆ ಕುಡಿಯುವ.

ಗಿಡಮೂಲಿಕೆ ಪ್ರಿಯ
ನಾನು ಡಾಕ್ಟರ್ ಬಿಡಿ ಅಂತ ಹೇಳಿಲ್ಲ. ಜೊತೆಗೆ ಕುಡಿಯಲಿ ಅಂದೆ.

ದಾವಣಗೆರೆ ಬೆಣ್ಣೆ
ಕಷಾಯದ ಮಾತು ಬಂತು ಅಂತ ಹೇಳ್ತೀನಿ. ಪ್ರಾಸ್ಟೇಟ್ ಇರೋರು ನೆಗಡಿ ಮಾತ್ರೆ ವಿಷಯದಲ್ಲಿ ಹುಷಾರಾಗಿರಿ. ನಮ್ಮಣ್ಣ ಮದುವೆ ಮನೆಯಲ್ಲಿ ಮೂಗು ಕಟ್ಟಿದೆ ಅಂತ ಮೆಡಿಕಲ್ ಶಾಪಿಂದ ಮಾತ್ರೆ ತಂದು ನುಂಗಿದ. ರಾತ್ರಿ ಹನ್ನೊಂದಕ್ಕೆ ಪೂರ್ತಿ ಕಟ್ಟಿಕೊಂಡುಬಿಡ್ತು, ಒಂದು ಹನಿ ಬರವಲ್ಲದು, ಕೆಳಹೊಟ್ಟೆ ಕಲ್ಲಾಗಿತ್ತು. ಛತ್ರದಿಂದ ನೇರ ಆಸ್ಪತ್ರೆಗೆ ಎತ್ತಿಕೊಂಡು ಹೋದ್ವಿ. ಟ್ಯೂಬ್ ಹಾಕಿದ ತಕ್ಷಣ ಬ್ಯಾಗ್ ತುಂಬಿತು, ಅವನ ಕಣ್ಣಲ್ಲಿ ನೀರು.

ವಾರ್ಡ್ ಸಿಸ್ಟರ್
ನಿಜ. ಮೂಗು ಬಿಡಿಸುವ ಸೂಡೋಎಫೆಡ್ರಿನ್, ಫಿನೈಲೆಫ್ರಿನ್, ಮಂಪರು ಬರುವ ಕ್ಲೋರ್‌ಫೆನಿರಮಿನ್, ಇವೆಲ್ಲ ಕಟ್ಟಿಕೊಳ್ಳುವಂತೆ ಮಾಡಬಲ್ಲವು. ಚಳಿಗಾಲದಲ್ಲಿ ವಾರ್ಡಿಗೆ ಇಂಥವರು ಬರುತ್ತಲೇ ಇರುತ್ತಾರೆ. ಇನ್ನೊಂದು, ಟ್ಯಾಮ್ಸುಲೋಸಿನ್ ತೆಗೆದುಕೊಳ್ಳುವವರು ಕಣ್ಣಿನ ಪೊರೆ ಆಪರೇಷನ್‌ಗೆ ಮೊದಲು ಕಣ್ಣಿನ ಡಾಕ್ಟರಿಗೆ ಹೇಳಲೇಬೇಕು. ಪಾಪೆ ಸಡಿಲಗೊಂಡು ತೊಂದರೆಯಾಗುತ್ತದೆ. ಮೊದಲೇ ಗೊತ್ತಿದ್ದರೆ ಅವರು ತಯಾರಿ ಮಾಡಿಕೊಳ್ಳುತ್ತಾರೆ.

ಜರ್ಸಿ ಕನ್ನಡಿಗ
ನಾನು ನ್ಯೂ ಜೆರ್ಸಿಯಲ್ಲಿ ಯೂರೋಲಿಫ್ಟ್ ಮಾಡಿಸಿಕೊಂಡವನು. ಅದರಲ್ಲಿ ಸುಡೋದೂ ಇಲ್ಲ, ಕೊಯ್ಯೋದೂ ಇಲ್ಲ. ಸಣ್ಣ ಕ್ಲಿಪ್ಪುಗಳಿಂದ ಗ್ರಂಥಿಯನ್ನು ಎರಡೂ ಪಕ್ಕಕ್ಕೆ ಎಳೆದು ಕಟ್ಟಿ ದಾರಿ ಬಿಡಿಸುತ್ತಾರೆ. ನನಗೆ ಟ್ಯೂಬೇ ಬೇಕಾಗಲಿಲ್ಲ. ಮೂರ್ನಾಲ್ಕು ದಿನಕ್ಕೆ ಆಫೀಸಿಗೆ ಹೋದೆ. ಇಲ್ಲಿ 2013ರಿಂದಲೇ ಅನುಮತಿ ಇದೆ, ರೆಝೂಮ್‌ಗೆ 2015ರಲ್ಲಿ ಸಿಕ್ಕಿತು.

ಆದರೆ ನಾಲ್ಕನೇ ವರ್ಷಕ್ಕೆ ಹರಿವು ಮತ್ತೆ ಸಣ್ಣಗಾಯಿತು. ಯೂರೋಲಿಫ್ಟ್‌ನ ಐದು ವರ್ಷದ ಅಧ್ಯಯನದಲ್ಲಿ ಮತ್ತೆ ಚಿಕಿತ್ಸೆ ಬೇಕಾದವರು ನೂರಕ್ಕೆ 13.6 ಇದ್ದರು. ಈ ಅಂಕಿ ಗೊತ್ತಿದ್ದೇ ನಾನು ಅದನ್ನು ಆರಿಸಿಕೊಂಡೆ, ಯಾಕೆಂದರೆ ವೀರ್ಯ ಹೊರಬರೋದು ನಿಲ್ಲಬಾರದು ಅನ್ನೋದು ನನಗೆ ಮುಖ್ಯವಾಗಿತ್ತು. ಈಗ ಮುಂದಿನ ಹೆಜ್ಜೆ ಯೋಚಿಸುತ್ತಿದ್ದೇನೆ.

ಸಂಕೋಚದ ಪ್ರಶ್ನೆ
ಕೊನೆಗೂ ಒಬ್ಬರು ಆ ವಿಷಯ ಎತ್ತಿದಿರಿ, ಥ್ಯಾಂಕ್ಸ್. ನನಗೆ 53. ಡಾಕ್ಟರ್ ಎದುರು ಕೇಳೋಕೆ ಆಗಲಿಲ್ಲ, ಪಕ್ಕದಲ್ಲಿ ಮಗಳು ಕೂತಿದ್ದಳು. ಆಪರೇಷನ್ ಆದ ಮೇಲೆ ಗಂಡಸುತನ ಹೋಗುತ್ತಾ?

ವಾರ್ಡ್ ಸಿಸ್ಟರ್
ಎರಡು ಬೇರೆ ಬೇರೆ ಸಂಗತಿ ಇವೆ. ನಿಮಿರುವಿಕೆ ಒಂದು. ಅದು ಈ ಯಾವ ಚಿಕಿತ್ಸೆಯಿಂದಲೂ ಸಾಮಾನ್ಯವಾಗಿ ಹೋಗುವುದಿಲ್ಲ. ವೀರ್ಯ ಹೊರಬರುವುದು ಇನ್ನೊಂದು. ಟಿಯುಆರ್‌ಪಿ, ಹೋಲೆಪ್ ಆದ ಮೇಲೆ ಹೆಚ್ಚಿನವರಲ್ಲಿ ವೀರ್ಯ ಹಿಂದಕ್ಕೆ ಮೂತ್ರಕೋಶಕ್ಕೆ ಹೋಗುತ್ತದೆ, ಆಮೇಲೆ ಮೂತ್ರದ ಜೊತೆ ಹೊರಬೀಳುತ್ತದೆ. ದೇಹಕ್ಕೆ ಹಾನಿ ಇಲ್ಲ, ಸುಖ ಹೆಚ್ಚೂ ಕಡಿಮೆ ಹಾಗೇ ಇರುತ್ತದೆ, ಆದರೆ ಮಕ್ಕಳಾಗುವುದು ಕಷ್ಟ. ರೆಝೂಮ್, ಯೂರೋಲಿಫ್ಟ್‌ನಲ್ಲಿ ಇದು ಬಹಳ ಕಡಿಮೆ. ನೀವು ಟ್ಯಾಮ್ಸುಲೋಸಿನ್‌ನಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದರಿಂದಲೂ ಇದು ಆಗಬಹುದು, ಅದನ್ನೂ ಕೇಳಿ. ಮಗಳನ್ನು ಐದು ನಿಮಿಷ ಹೊರಗೆ ಕೂರಿಸಿ ಅಂತ ನೀವು ಹೇಳಿದರೆ ಯಾವ ಡಾಕ್ಟರೂ ತಪ್ಪು ತಿಳಿಯೋದಿಲ್ಲ.

ಮೈಸೂರು ಮಲ್ಲಿಗೆ ಬಳ್ಳಿ
ಹೆಂಗಸು ಇಲ್ಲಿ ಬರೆಯಬಹುದು ಅಂದುಕೊಂಡಿದ್ದೇನೆ. ನಮ್ಮೆಜಮಾನರು ಮೂರು ವರ್ಷ ಮುಚ್ಚಿಟ್ಟರು ಕಣ್ರೀ. ನನಗೆ ಗೊತ್ತಾಗಿದ್ದು ಬೇರೆ ರೀತಿಯಲ್ಲಿ. ಸಂಗೀತ ಕಚೇರಿ ಅಂದರೆ ಪ್ರಾಣ ಬಿಡ್ತಿದ್ದವರು ಹೋಗೋದೇ ನಿಲ್ಲಿಸಿದರು, ಹೋದರೂ ಬಾಗಿಲ ಪಕ್ಕದ ಕುರ್ಚಿಯೇ ಆಗಬೇಕು. ಸಂಜೆ ನಾಲ್ಕರ ಮೇಲೆ ಒಂದು ಲೋಟ ನೀರೂ ಮುಟ್ಟುತ್ತಿರಲಿಲ್ಲ. ಕೊನೆಗೆ ಚಳಿಜ್ವರ ಬಂದು ಸೋಂಕು ಅಂತ ತಿಳಿದ ಮೇಲೆ ಬಾಯಿಬಿಟ್ಟರು. ಇಲ್ಲಿ ಓದೋ ಗಂಡಸರು ದಯವಿಟ್ಟು ಮನೆಯಲ್ಲಿ ಹೇಳಿ. ನಾವು ಪಕ್ಕದಲ್ಲೇ ಮಲಗಿರ್ತೀವಿ, ಏಳೋದು ನಮಗೂ ಕೇಳುತ್ತೆ. ಏನಾಗಿದೆ ಅಂತ ಗೊತ್ತಿಲ್ಲದೆ ಒದ್ದಾಡೋದು ಇನ್ನೂ ಕಷ್ಟ.

ಕುಡ್ಲದ ಮಳೆ
ಬಾಗಿಲ ಪಕ್ಕದ ಕುರ್ಚಿ, ಹೌದು. ನಾನು ಮಂಗಳೂರು ಬೆಂಗಳೂರು ಬಸ್ಸಿನಲ್ಲಿ ಹೋಗುವುದನ್ನೇ ಬಿಟ್ಟು ರೈಲು ಹಿಡಿದದ್ದು ಇದಕ್ಕೇ. ಶಿರಾಡಿ ಘಾಟಿಯಲ್ಲಿ ಲಾರಿ ಸಿಕ್ಕಿಹಾಕಿಕೊಂಡು ಟ್ರಾಫಿಕ್ ನಿಂತರೆ ಏನು ಮಾಡುವುದು?

ಬಯಲುಸೀಮೆ
ವಿಷಯ ಬೇರೆ, ಆದರೂ ಹೇಳ್ತೀನಿ. ಬಸ್ ನಿಲ್ದಾಣದಲ್ಲಿ ಹಿರಿಯರು ಶೌಚಾಲಯಕ್ಕೆ ಹೋಗಿ ಬರೋವರೆಗೆ ಕಂಡಕ್ಟರ್‌ಗಳು ಎರಡು ನಿಮಿಷ ಕಾಯಬೇಕು. ಹತ್ತುವಾಗಲೇ ಹೇಳಿಟ್ಟರೆ ಬಹಳಷ್ಟು ಜನ ಕಾಯ್ತಾರೆ ಕೂಡ. ಕೇಳೋಕೆ ನಾಚಿಕೊಳ್ಳಬೇಡಿ.

ಪಾಲಿಸಿ ಓದುಗ
ದುಡ್ಡಿನ ವಿಷಯ ಯಾರೂ ಎತ್ತಿಲ್ಲ. ವಿಮೆ ಇದ್ದರೆ ಎರಡು ವಿಷಯ ನೋಡಿ. ಪ್ರಾಸ್ಟೇಟ್ ದೊಡ್ಡದಾಗುವುದಕ್ಕೆ ಬಹುತೇಕ ಪಾಲಿಸಿಗಳಲ್ಲಿ ಎರಡು ವರ್ಷ ಕಾಯುವ ಅವಧಿ ಇರುತ್ತದೆ. ಎರಡನೆಯದು, 2019ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, ಪಾಲಿಸಿಯಿಂದ ಹೊರಗಿಡಬಾರದ ಆಧುನಿಕ ಚಿಕಿತ್ಸೆಗಳ ಪಟ್ಟಿ ಕೊಟ್ಟಿತು. ಅದರಲ್ಲಿ ಗ್ರೀನ್ ಲೇಸರ್, ಹೋಲ್ಮಿಯಂ ಲೇಸರ್‌ನಿಂದ (ಹೋಲೆಪ್‌ನಲ್ಲಿ ಬಳಸುವ ಲೇಸರ್ ಇದೇ) ಮಾಡುವ ಪ್ರಾಸ್ಟೇಟ್ ಚಿಕಿತ್ಸೆ ಇದೆ. ಕಂಪನಿಗಳು ಅದಕ್ಕೆ ಮಿತಿ ಹಾಕಿರಬಹುದು, ಪಾಲಿಸಿಯಲ್ಲಿ ಹುಡುಕಿ. ಉಗಿ ಚಿಕಿತ್ಸೆಯ ಹೆಸರು ಆ ಪಟ್ಟಿಯಲ್ಲಿ ಇಲ್ಲ. ಹಾಗಾಗಿ ರೆಝೂಮ್ ಅಂತ ತೀರ್ಮಾನಿಸಿದರೆ ಮುಂಚೆಯೇ ಬರಹದಲ್ಲಿ ಒಪ್ಪಿಗೆ ತರಿಸಿಕೊಳ್ಳಿ. ಆಸ್ಪತ್ರೆಯ ಕೌಂಟರಿನಲ್ಲಿ "ಆಗುತ್ತೆ ಸಾರ್" ಅಂದ ಮಾತು ಬಿಲ್ ಬಂದಾಗ ಕೆಲಸಕ್ಕೆ ಬರೋದಿಲ್ಲ.

ಹೇಮಾವತಿ ದಂಡೆ
ಹೌದು. ನನಗೆ ಖರ್ಚು ಹೆಚ್ಚಾಗಿದ್ದೇ ಆ ಉಗಿ ಬಿಡುವ ಸಾಧನಕ್ಕೆ. ಅದನ್ನು ಒಬ್ಬರಿಗೆ ಒಂದೇ ಸಲ ಬಳಸೋದು.

ಕೋಲಾರದ ರೈತ
ಇಲ್ಲಿ ಎಲ್ಲರೂ ಖಾಸಗಿ ಆಸ್ಪತ್ರೆ ಮಾತಾಡ್ತಾ ಇದ್ದೀರ. ನನ್ನ ತಂದೆಗೆ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆ ಆವರಣದಲ್ಲಿರೋ ಸರ್ಕಾರಿ ನೆಫ್ರೋ ಯುರಾಲಜಿ ಸಂಸ್ಥೆಯಲ್ಲಿ ಟಿಯುಆರ್‌ಪಿ ಆಯ್ತು. ಬಿಪಿಎಲ್ ಕಾರ್ಡ್ ಇತ್ತು. ಸರದಿ ಕಾಯಬೇಕು ನಿಜ. ಚೆನ್ನಾಗಿ ಮಾಡಿದರು, ಆರು ವರ್ಷ ಆಯ್ತು, ಏನೂ ತೊಂದರೆ ಇಲ್ಲ. ಹಳೇ ಪದ್ಧತಿ ಅಂತ ಟಿಯುಆರ್‌ಪಿಯನ್ನ ತಳ್ಳಿಹಾಕಬೇಡಿ.

ಸಕ್ಕರೆ ನಾಡು
ನನ್ನ ಅನುಭವ ಕಹಿ. 25 ವರ್ಷದಿಂದ ಸಕ್ಕರೆ ಕಾಯಿಲೆ. ಒಂದು ಆಸ್ಪತ್ರೆಯಲ್ಲಿ ಸ್ಕ್ಯಾನ್ ನೋಡಿ ನೇರ ಲೇಸರ್ ಮಾಡಿದರು. ದಾರಿ ಬಿಡಿಸಿದ್ದಾಯಿತು, ಮೂತ್ರ ಮಾತ್ರ ಬರಲಿಲ್ಲ. ಆಮೇಲೆ ಬೇರೆ ಕಡೆ ಯುರೋಡೈನಮಿಕ್ ಪರೀಕ್ಷೆ ಮಾಡಿಸಿದಾಗ ತಿಳಿಯಿತು, ನನ್ನ ಮೂತ್ರಕೋಶಕ್ಕೇ ಹಿಂಡುವ ಶಕ್ತಿ ಇಲ್ಲ, ಸಕ್ಕರೆಯಿಂದ ನರ ಸೋತಿವೆ. ಈಗ ದಿನಕ್ಕೆ ಮೂರು ಸಲ ನಾನೇ ಸಣ್ಣ ಟ್ಯೂಬ್ ಹಾಕಿ ತೆಗೆಯುತ್ತೇನೆ. ಉಗಿಯೋ ಲೇಸರೋ ಅನ್ನೋದು ಎರಡನೇ ಪ್ರಶ್ನೆ. ತೊಂದರೆ ಗ್ರಂಥಿಯದೋ ಮೂತ್ರಕೋಶದ್ದೋ ಅಂತ ಮೊದಲು ಕೇಳಿ. ಸಕ್ಕರೆ, ಪಾರ್ಶ್ವವಾಯು, ಬೆನ್ನುಹುರಿ ತೊಂದರೆ, ಪಾರ್ಕಿನ್ಸನ್ ಇದ್ದವರು ಈ ಪರೀಕ್ಷೆ ಇಲ್ಲದೆ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಬೇಡಿ.

ಹುಬ್ಬಳ್ಳಿ ಮಂದಿ
ಅಣ್ಣಾರ, ಇದು ಭಾಳ ದೊಡ್ಡ ಮಾತು ಹೇಳಿದ್ರಿ. ನಮ್ಮ ಮಾವಾರಿಗೂ ಶುಗರ್ ಐತಿ, ಅವರಿಗೆ ಆ ಟೆಸ್ಟ್ ಮೊದಲ ಮಾಡಿದ್ರು. ಯಾಕಂತ ನನಗ ಇವತ್ತ ತಿಳೀತು.

ರಕ್ತ ತೆಳು
ಹೃದಯಕ್ಕೆ ಸ್ಟೆಂಟ್ ಹಾಕಿ, ರಕ್ತ ಹೆಪ್ಪುಗಟ್ಟದಂತೆ ಕ್ಲೊಪಿಡೊಗ್ರೆಲ್ ತೆಗೆದುಕೊಳ್ಳುವವರು ಏನು ಮಾಡಬೇಕು?

ಜರ್ಸಿ ಕನ್ನಡಿಗ
ಹೃದಯದ ಡಾಕ್ಟರ್ ಕೇಳದೆ ನಿಲ್ಲಿಸಬೇಡಿ, ಇದು ಮೊದಲನೆಯದು. ನನ್ನ ಸ್ನೇಹಿತರೊಬ್ಬರಿಗೆ ಇದೇ ಕಾರಣಕ್ಕೆ ಎಂಬೊಲೈಸೇಷನ್ ಮಾಡಿದರು. ಮಣಿಕಟ್ಟಿನ ಅಥವಾ ತೊಡೆಸಂದಿನ ರಕ್ತನಾಳದಿಂದ ಹೋಗಿ ಗ್ರಂಥಿಗೆ ರಕ್ತ ಕೊಡುವ ಸಣ್ಣ ನಾಳಗಳನ್ನು ಮುಚ್ಚುವುದು. ಇದನ್ನು ಮಾಡೋರು ಯುರಾಲಜಿಸ್ಟ್ ಅಲ್ಲ, ಇಂಟರ್ವೆನ್ಷನಲ್ ರೇಡಿಯಾಲಜಿಸ್ಟ್. ಗುಣ ನಿಧಾನ, ಆದರೆ ದೊಡ್ಡ ಗ್ರಂಥಿಗೂ ಆಗುತ್ತದೆ.

ತುಂಗಾತೀರ
ಎಲ್ಲರಿಗೂ ಋಣಿ. ಹೋಗಿ ಬಂದೆ. ಎಂಆರ್‌ಐಯಲ್ಲಿ ಅನುಮಾನ ಪಡುವಂಥದ್ದು ಏನೂ ಇಲ್ಲ, ಪಿಎಸ್‌ಎ ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಕ್ಯಾಮೆರಾ ಹಾಕಿ ನೋಡಿದಾಗ ಗ್ರಂಥಿಯ ನಡುವಿನ ಹಾಲೆ ಮೂತ್ರಕೋಶದೊಳಗೆ ಚಾಚಿಕೊಂಡಿದೆಯಂತೆ, ಅದಕ್ಕೂ ಉಗಿ ಕೊಡಬಹುದು ಅಂದರು. ಮೂತ್ರಕೋಶದ ಶಕ್ತಿ ಚೆನ್ನಾಗಿದೆ. ರೆಝೂಮ್‌ಗೇ ಮನಸ್ಸು ಮಾಡಿದ್ದೇನೆ. ಅಡಿಕೆ ಕೊಯ್ಲು ಮುಗಿಸಿಕೊಂಡು ಮಾಡಿಸೋಣ ಅಂತ.

ವಾರ್ಡ್ ಸಿಸ್ಟರ್
ಕೊಯ್ಲು ಮುಗಿಯೋದು ಯಾವಾಗ ಸರ್? 140 ಉಳಿಯುತ್ತಿದೆ, ಅದು ಹೆಚ್ಚಾಗುತ್ತಾ ಹೋದರೆ ಕಿಡ್ನಿಗೆ ಒತ್ತಡ. ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ ಮಾಡಿಸಿದ್ದೀರಾ?

ತುಂಗಾತೀರ
0.9 ಇದೆ ಸಿಸ್ಟರ್. ಕೊಯ್ಲು ಫೆಬ್ರವರಿವರೆಗೆ ಎಳೆಯುತ್ತೆ.

ಮೈಸೂರು ಮಲ್ಲಿಗೆ ಬಳ್ಳಿ
ಫೆಬ್ರವರಿವರೆಗೂ ರಾತ್ರಿ ಐದು ಸಲ ಏಳ್ತೀರಾ? ಮಗ ಇದ್ದಾನಲ್ಲ, ತೋಟ ಒಂದು ತಿಂಗಳು ನೋಡಿಕೊಳ್ಳಲಿ.

ಹೇಮಾವತಿ ದಂಡೆ
ಸಾರ್, ಕೊಯ್ಲಿನ ಹೊತ್ತಲ್ಲಿ ಮಾಡಿಸಿಕೊಂಡರೆ ಮೂಟೆ ಎತ್ತೋಕೆ ಹೋಗಿಬಿಡ್ತೀರಿ, ಅದೂ ಬೇಡ. ಕೊಯ್ಲು ಶುರುವಾಗೋಕೆ ಮೊದಲೇ ಮುಗಿಸಿ. ಟ್ಯೂಬ್ ಇರೋವಷ್ಟು ದಿನ ಸಡಿಲ ಪಂಚೆ, ಮಲಬದ್ಧತೆ ಆಗದ ಹಾಗೆ ರಾತ್ರಿ ಇಸಬ್‌ಗೋಲ್, ಒಂದು ತಿಂಗಳು ಬೈಕು ಬೇಡ. ಬ್ಯಾಗು ಯಾವಾಗಲೂ ಸೊಂಟಕ್ಕಿಂತ ಕೆಳಗಿರಲಿ, ಮಲಗಿದಾಗ ಮಂಚದ ಪಕ್ಕಕ್ಕೆ ತೂಗುಹಾಕಿ. ಟ್ಯೂಬನ್ನ ತೊಡೆಗೆ ಅಗಲವಾದ ಪ್ಲಾಸ್ಟರ್ ಹಾಕಿ ಅಂಟಿಸೋಕೆ ಹೇಳಿ, ಎಳೆತ ಅರ್ಧ ಕಡಿಮೆಯಾಗುತ್ತೆ.

ತುಂಗಾತೀರ
ಬರೆದುಕೊಂಡೆ. ಮಗನೂ ಬರ್ತೀನಿ ಅಂದಿದ್ದಾನೆ. ವಿಮೆಯವರಿಗೆ ಪತ್ರ ಕಳಿಸಿದ್ದೇನೆ, ಒಪ್ಪಿಗೆ ಬಂದ ದಿನವೇ ತಾರೀಕು ಕೇಳುತ್ತೇನೆ.